ಹಳತಾದ ಯಂತ್ರ, ತೆರೆದ ವಿದ್ಯೆ

ಜೋಗದ ಕೊಳ್ಳದಲ್ಲಿರುವ ಮಹಾತ್ಮಾ ಗಾಂಧಿ ಜಲವಿದ್ಯುದಾಗಾರವು ಉದ್ಘಾಟಿತವಾದದ್ದು ೧೯೪೯ರ ಫೆಬ್ರವರಿ ತಿಂಗಳಲ್ಲಿ. ಅದಕ್ಕೆ ನೀರೊದಗಿಸಲೆಂದು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು, ಹೆಚ್ಚು ವರ್ಷ ಬಾಳದೆ, ೧೯೬೪ರಲ್ಲಿ ಸಿದ್ಧವಾದ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ತಾನೇ ಮುಳುಗಿಹೋಯಿತು. ನೀರು ಬರುವ ದಾರಿ ಬದಲಾಯಿತು. ಯಂತ್ರಗಳನ್ನು ನಡೆಸುವ ಎಂಜಿನಿಯರರ ತಲೆಮಾರುಗಳು ಬದಲಾದವು. ಯಂತ್ರಗಳನ್ನೇ ಬಿಚ್ಚಿ ಹೊಸ ಸುರುಳಿ ಸುತ್ತಿದ್ದೂ ಆಯಿತು. ಇಷ್ಟಾದರೂ ಆ ಆಗಾರವು ನಿಲ್ಲಲಿಲ್ಲವೆಂಬುದಷ್ಟೇ ಅಲ್ಲ, ಮೊದಲು ೧೨೦ ಮೆಗಾವಾಟ್ ಇದ್ದ ಅದರ ಸಾಮರ್ಥ್ಯವು ನವೀಕರಣದ ತರುವಾಯ ೧೩೯.೨ ಮೆಗಾವಾಟಿಗೆ ಏರಿತು. ಜೋಗವಿರುವ ಅದೇ ಸಾಗರ ತಾಲ್ಲೂಕಿನ ಪೇಟೆಯಲ್ಲಿ, ಇಪ್ಪತ್ತು ವರ್ಷಗಳ ಹಿಂದೆ ಕಂಪ್ಯೂಟರಿನಲ್ಲಿ ಜೋಡಿಸಿದ ಯಾವುದೋ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣಸಂಚಿಕೆಯ ಕಡತವನ್ನು ಇಂದು ಹೊಸ ಯಂತ್ರವೊಂದರಲ್ಲಿ ತೆರೆಯಹೊರಟರೆ, ಕನ್ನಡದ ಒಂದು ಅಕ್ಷರವೂ ಕಾಣದೆ ರೋಮನ್ ಲಿಪಿಯ ಚಿಹ್ನೆಗಳ ಕಲಸುಮೇಲೋಗರವು ಪರದೆಯ ತುಂಬ ಹರಡಿಕೊಳ್ಳುತ್ತದೆ. ಉಕ್ಕಿನ ಚಕ್ರವು ಮುಕ್ಕಾಲು ಶತಮಾನ ತಿರುಗುತ್ತಿರುವ ಸೀಮೆಯಲ್ಲಿ, ಸವೆಯುವ ಭಾಗವೇ ಇಲ್ಲದ ಬರಹವು ಇಪ್ಪತ್ತು ವರ್ಷ ಬಾಳಲಾರದೆ ಹೋದುದೇಕೆಂಬುದೇ ಈ ಲೇಖನದ ಜಿಜ್ಞಾಸೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲ್ಲೂಕುಗಳನ್ನು ಇದಕ್ಕಾಗಿ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಕಾಡು, ಮಳೆ, ಅಡಿಕೆ ತೋಟ ಇವುಗಳ ನಡುವೆ ಚದುರಿಕೊಂಡ ಈ ನಾಡಿನಲ್ಲಿ ಅಕ್ಷರದ ವ್ಯವಸಾಯವು ಜನಸಂಖ್ಯೆಯ ಪ್ರಮಾಣವನ್ನು ಮೀರಿ ಬೆಳೆದಿದೆ. ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಂ, ಅದೇ ಹಳ್ಳಿಯಿಂದ ಕೆ. ವಿ. ಸುಬ್ಬಣ್ಣನವರು ನಡೆಸಿದ ಅಕ್ಷರ ಪ್ರಕಾಶನ, ಕೆಳದಿಯ ವಸ್ತುಸಂಗ್ರಹಾಲಯ, ಹೊಸನಗರ ತಾಲ್ಲೂಕಿನ ಹೊಂಬುಜದ ಜೈನಮಠ ಮತ್ತು ರಾಮಚಂದ್ರಾಪುರ ಮಠ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ, ಇವೆಲ್ಲ ಬಲ್ಲವರು ಬಲ್ಲ ಹೆಸರುಗಳು. ಇವುಗಳ ಕೆಳಗೆ, ಹೆಸರಿಲ್ಲದೆ ನಡೆದುಬಂದಿರುವ ಅಕ್ಷರದ ಇನ್ನೊಂದು ಲೋಕವಿದೆ: ಲಗ್ನಪತ್ರಿಕೆ, ಮೇಳದ ಆಟದ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಅಡಿಕೆ ಮಂಡಿಯ ಲೆಕ್ಕ, ಊರ ದೇವಸ್ಥಾನದ ಸ್ಥಳಪುರಾಣ, ನಿವೃತ್ತ ಮೇಷ್ಟರ ಕವನಸಂಕಲನ. ಈ ಎರಡನೆಯ ಲೋಕದ ಸಾಹಿತ್ಯವೆಲ್ಲ ೧೯೯೦ರ ದಶಕದಿಂದೀಚೆಗೆ ಅಚ್ಚುಮೊಳೆಗಳ ಮನೆಯನ್ನು ಬಿಟ್ಟು ಕಂಪ್ಯೂಟರನ್ನು ಸೇರಿತು. ಸೇರಿದ ಮನೆಯ ಗೋಡೆ ಎಷ್ಟು ಗಟ್ಟಿಯೆಂದು ಯಾರೂ ವಿಚಾರಿಸಲಿಲ್ಲ.

ಆ ಕಾಲದ ಕಂಪ್ಯೂಟರಿಗೆ ಕನ್ನಡವೆಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ. ಆದುದರಿಂದ ನಮ್ಮ ತಂತ್ರಜ್ಞರು ಒಂದು ಜಾಣತನದ ಉಪಾಯವನ್ನು ಹೂಡಿದರು. ರೋಮನ್ ಅಕ್ಷರಗಳಿಗೆಂದು ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು, ಎಂದರೆ ತಲೆಕಟ್ಟು, ಕೊಂಬು, ಒತ್ತು, ಗುಡಿಸು ಮುಂತಾದವನ್ನು, ಫಾಂಟಿನೊಳಗೆ ಚಿತ್ರಗಳಾಗಿ ಕೂರಿಸಿಬಿಟ್ಟರು. ‘ಕನ್ನಡ’ ಎಂದು ‘ನುಡಿ’ ಎಂಬ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದರೆ ಕಡತದೊಳಗೆ ನಿಜವಾಗಿ ಇರುವುದು ಏಳು ಚಿಹ್ನೆಗಳು: ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಬ್ರಿಟನ್ನಿನ ಪೌಂಡ್ ನಾಣ್ಯದ ಗುರುತು, ಪುನಃ ಅದೇ ‘ಎ’, ಜರ್ಮನರ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಕಡೆಯಲ್ಲಿ ಮತ್ತೊಮ್ಮೆ ಆ ‘ಎ’. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥಶೂನ್ಯವಾದ ಚಿಹ್ನೆಗಳ ಸಾಲು. ಆ ನಿರ್ದಿಷ್ಟ ಫಾಂಟು ಜೊತೆಗಿರುವವರೆಗೆ ಕಣ್ಕಟ್ಟು ನಡೆಯುತ್ತದೆ. ಫಾಂಟು ತಪ್ಪಿದೊಡನೆ ನಿಂತುಹೋಗುತ್ತದೆ. ಇದರ ಮೇಲೆ, ಒಬ್ಬೊಬ್ಬ ತಯಾರಕನೂ ತುಂಡುಗಳನ್ನು ತನಗೆ ತೋಚಿದ ಸ್ಥಾನಗಳಲ್ಲಿ ಹಂಚಿಕೊಂಡದ್ದರಿಂದ, ಒಬ್ಬನ ಫಾಂಟಿನಲ್ಲಿ ಬರೆದುದನ್ನು ಇನ್ನೊಬ್ಬನ ಫಾಂಟಿನಲ್ಲಿ ಓದುವುದು ಅಸಾಧ್ಯವಾಯಿತು. ಆ ಉಪಾಯವನ್ನು ಹೂಡಿದವರನ್ನು ಇಂದು ಜರೆಯುವುದು ಅನ್ಯಾಯ. ಆ ದಿನಗಳಲ್ಲಿ ಬೇರೆ ದಾರಿ ಇರಲಿಲ್ಲ, ಮತ್ತು ಕನ್ನಡದ ಮುದ್ರಣ ಆ ಉಪಾಯದಿಂದಲೇ ಬದುಕಿತು. ದಾರಿ ತೆರೆದ ಮೇಲೂ ಹಳೆಯ ಜಾಡಿನಲ್ಲೇ ನಡೆದದ್ದು ನಮ್ಮ ಪ್ರಮಾದ.

ದಾರಿಯನ್ನು ತೆರೆದದ್ದು ಯೂನಿಕೋಡ್. ಅದು ಅಕ್ಷರದ ಚಿತ್ರಕ್ಕಲ್ಲ, ಅಕ್ಷರಕ್ಕೇ ಒಂದು ಜಾಗತಿಕ ಸಂಖ್ಯೆಯನ್ನು ಕೊಡುತ್ತದೆ. ಕನ್ನಡಕ್ಕೆಂದು ಅದರಲ್ಲಿ ೧೨೮ ಸ್ಥಾನಗಳು ಮೀಸಲಾಗಿವೆ. ಆ ಏಳು ಚಿಹ್ನೆಗಳ ‘ಕನ್ನಡ’ ಇಲ್ಲಿ ಕ, ನ, ವಿರಾಮ, ನ, ಡ ಎಂಬ ಐದು ಸಂಕೇತಗಳು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ ಯೂನಿಕೋಡ್ ಕನ್ನಡಕ್ಕೆ ಒಂದು ಫಾಂಟೂ ಬಂದಿತು. ತೀರ್ಥಹಳ್ಳಿಯವರು ಹೆಮ್ಮೆಪಡತಕ್ಕ ಹಾಗೆ ಅದಕ್ಕೆ ‘ತುಂಗಾ’ ಎಂದು ಹೆಸರು. ಈ ತುಂಗಾ ಇಂದು ವಿಂಡೋಸಿನಲ್ಲಿ ತಾನಾಗಿ ಬರುವುದಿಲ್ಲ, ಬೇಕಾದವರು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಆದರೂ ತುಂಗಾದಲ್ಲಿ ಬರೆದ ಒಂದು ಅಕ್ಷರವೂ ಕಳೆದುಹೋಗಲಿಲ್ಲ. ನಿರ್ಮಲಾ, ಲೋಹಿತ್, ಗುಬ್ಬಿ, ನವಿಲು, ಕೈಗೆ ಸಿಕ್ಕ ಯಾವ ಫಾಂಟಿನಲ್ಲಾದರೂ ಅದೇ ಕಡತವನ್ನು ಓದಬಹುದು.

ಹಳೆಯದನ್ನು ಹೊಸದಕ್ಕೆ ಪರಿವರ್ತಿಸಿದರಾಯಿತಲ್ಲವೆ ಎಂದು ಕೇಳುವವರಿಗೆ ತೀರ್ಥಹಳ್ಳಿಯೆಂಬ ಹೆಸರನ್ನೇ ಉದಾಹರಣೆಯಾಗಿ ಕೊಡಬಹುದು. ಹಳೆಯ ಫಾಂಟಿನ ಕಡತದಲ್ಲಿ ತುಂಡುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ: ಮೊದಲು ‘ತೀ’, ಆಮೇಲೆ ‘ಥ’, ಅದರ ಹಿಂದೆ ಅರ್ಕಾವೊತ್ತು. ಯೂನಿಕೋಡಿನಲ್ಲಿರುವುದಾದರೋ ಬಾಯಿ ಉಚ್ಚರಿಸುವ ಕ್ರಮ: ‘ತೀ’, ‘ರ್’, ‘ಥ’. ಚಿಹ್ನೆಗೆ ಚಿಹ್ನೆಯನ್ನಿಟ್ಟು ಬದಲಿಸಿಬಿಡುವ ಪರಿವರ್ತಕದಿಂದ ಹೊರಬರುವ ಊರು ‘ತೀಥರ್ಹಳ್ಳಿ’. ಈ ಊರನ್ನು ವರ್ತಮಾನಪತ್ರಿಕೆಗಳ ಪುಟಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. ಅರ್ಕಾವೊತ್ತನ್ನು ಹಿಂದಕ್ಕೆ ಎಳೆದು ಸರಿಯಾದ ವ್ಯಂಜನದ ಮುಂದೆ ಕೂರಿಸಬೇಕೆಂದರೆ, ಹಳೆಯ ಫಾಂಟಿನ ಹಂಚಿಕೆಯನ್ನೂ ಕನ್ನಡದ ಕಾಗುಣಿತವನ್ನೂ ಏಕಕಾಲಕ್ಕೆ ಬಲ್ಲವನು ಕುಳಿತು ನಿಯಮವನ್ನು ಬರೆಯಬೇಕು. ಹಂಚಿಕೆಯು ಪ್ರಕಟವಾಗಿದ್ದರೆ ಇದು ಕೆಲವು ಸಂಜೆಗಳ ಕೆಲಸ. ಗೋಪ್ಯವಾಗಿದ್ದರೆ ಒಂದೊಂದು ಚಿಹ್ನೆಯನ್ನೂ ಊಹಿಸಿ ಪರೀಕ್ಷಿಸುವ ತಿಂಗಳುಗಳ ತಪಸ್ಸು.

ಇದರ ವ್ಯಾವಹಾರಿಕ ಫಲವನ್ನು ಕಾಣಬೇಕಾದರೆ ಸಾಗರದ ಪೇಟೆಯ ಡಿಟಿಪಿ ಅಂಗಡಿಗೆ ಹೋಗಬೇಕು. ನಾನು ಬಲ್ಲ ಒಂದು ಅಂಗಡಿಯಲ್ಲಿ, ಹೊಸ ಕಂಪ್ಯೂಟರುಗಳ ಬದಿಯಲ್ಲಿ, ಹಳದಿಗಟ್ಟಿದ ಡಬ್ಬವೊಂದು ಎಕ್ಸ್‌ಪಿಯಲ್ಲೇ ನಡೆಯುತ್ತಿದೆ. ಪೇಜ್‌ಮೇಕರ್ ೭ ಎಂಬ ಪುಟವಿನ್ಯಾಸದ ತಂತ್ರಾಂಶವು ೨೦೦೧ರಲ್ಲಿ ಹೊರಬಂದು, ತಯಾರಕರಿಂದ ಬಹುಬೇಗ ಪರಿತ್ಯಕ್ತವಾದದ್ದು, ಅದರೊಳಗೆ ಇಂದಿಗೂ ಜೀವಂತ. ಯಂತ್ರದ ಬೆನ್ನಿಗೆ, ಪ್ರಿಂಟರಿನ ಕೇಬಲ್ಲು ಸಿಕ್ಕಿಸುವ ಅಗಲವಾದ ಕಿಂಡಿಯಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡ ಬೀಗವೊಂದು ಕೂತಿದೆ. ಹಣ ಕೊಟ್ಟು ಕೊಂಡ ಕನ್ನಡ ತಂತ್ರಾಂಶವು ಆ ಬೀಗವನ್ನು ಕಂಡಲ್ಲದೆ ಬಾಯಿ ತೆರೆಯದು, ಮತ್ತು ಈಗಿನ ಯಂತ್ರಗಳಲ್ಲಿ ಅಂಥ ಕಿಂಡಿಯೇ ಇಲ್ಲ. “ಇದೊಂದನ್ನು ಮಾತ್ರ ಮುಟ್ಟಬೇಡಿ ಮಾರಾಯ್ರೆ, ಇದು ಹೋದರೆ ಅಂಗಡಿಯ ಹಳೇ ಕೆಲಸ ಎಲ್ಲಾ ಹೋಯ್ತು” ಎಂದು ಮಾಲಿಕರು ನಕ್ಕು ಹೇಳಿದರೂ ಮಾತಿನಲ್ಲಿ ನಗೆ ಇರಲಿಲ್ಲ. ಮಳೆಗಾಲದಲ್ಲಿ ಸಿಡಿಲು ಹೊಡೆಯುವ ಮುನ್ನ ಅವರು ಮೊದಲು ಓಡಿಹೋಗಿ ಪ್ಲಗ್ಗು ಕೀಳುವುದು ಅದರದನ್ನೇ.

ಅಂಗಡಿಯವರ ಕಷ್ಟ ಹಳೆಯ ಯಂತ್ರದ್ದೆಂದು ತೋರಿದರೂ ವಾಸ್ತವವಾಗಿ ಮುಚ್ಚಿದ ವಿದ್ಯೆಯದು. ಜೋಗದ ಯಂತ್ರದ ನಕ್ಷೆ ಇಲಾಖೆಯ ಕೈಯಲ್ಲಿತ್ತು, ಕೆಟ್ಟ ಭಾಗವನ್ನು ಅಳೆದು ಹೊಸದನ್ನು ಮಾಡಿಸಬಹುದಾಗಿತ್ತು, ಹಿಂದೆ ಬಂದವನು ಮುಂದೆ ಬಂದವನಿಗೆ ಹೇಳಿಕೊಡಬಹುದಾಗಿತ್ತು. ೧೯೭೩ರಲ್ಲಿ ಆರಂಭವಾದ ನೀನಾಸಂ ಚಿತ್ರಸಮಾಜವು ಹದಿನಾರು ಮಿಲಿಮೀಟರಿನ ಚಿತ್ರಗಳನ್ನು ಹಳ್ಳಿಗರಿಗೆ ತೋರಿಸಿದಾಗಲೂ ಪ್ರೊಜೆಕ್ಟರು ಕಣ್ಣಿಗೆ ತೆರೆದುಕೊಂಡಿದ್ದ ಯಂತ್ರವೇ: ಹಲ್ಲು, ಪಟ್ಟಿ, ದೀಪ, ಮಸೂರ. ಪೇಜ್‌ಮೇಕರಿನ ಕಡತವು ಹೇಗೆ ಕಟ್ಟಲ್ಪಟ್ಟಿದೆಯೆಂಬುದು ಅದನ್ನು ಕಟ್ಟಿದ ಸಂಸ್ಥೆಯ ಗುಟ್ಟು. ಸಂಸ್ಥೆಯು ಆಸಕ್ತಿ ಕಳೆದುಕೊಂಡ ದಿನ ಗುಟ್ಟು ಅನಾಥವಾಯಿತು.

ಉಚಿತವಾಗಿ ಸಿಗುವುದಕ್ಕೂ ಮುಕ್ತವಾಗಿರುವುದಕ್ಕೂ ಇರುವ ಅಂತರವನ್ನು ಕನ್ನಡಿಗರು ಬಹಳ ಕಾಲ ಗಮನಿಸಲಿಲ್ಲವೆಂದು ನನ್ನ ಅಭಿಪ್ರಾಯ. ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ತಂತ್ರಾಂಶವು ಅನೇಕ ವರ್ಷ ಉಚಿತವಾಗಿ ದೊರಕಿ, ದೇಶವಿದೇಶಗಳ ಕನ್ನಡಿಗರಿಗೆ ಬೆರಳ ತುದಿಯಲ್ಲಿ ಭಾಷೆಯನ್ನು ಕೊಟ್ಟಿತು, ತರುವಾಯದ ಆವೃತ್ತಿಗಳಿಗೆ ಬೆಲೆ ಕಟ್ಟಿದಾಗ ಗೊಣಗಿದವರುಂಟು. ಒಬ್ಬ ವ್ಯಕ್ತಿ ತನ್ನ ಬಿಡುವನ್ನು ಸುರಿದು ಕಟ್ಟಿದ್ದಕ್ಕೆ ಬೆಲೆ ಕೇಳಿದರೆ ಗೊಣಗುವುದು ಕೃತಘ್ನತೆಯೇ ಸರಿ. ಆದರೆ ಅದರ ಮೂಲಸಂಹಿತೆ ಮುಚ್ಚಿದ್ದರಿಂದ, ಕಟ್ಟಿದವರ ಉತ್ಸಾಹ ಮತ್ತು ಆಯುಸ್ಸಿಗೇ ಅದರ ಆಯುಸ್ಸೂ ಕಟ್ಟುಬಿದ್ದಿತೆಂಬುದನ್ನು ಮರೆಯಲಾಗದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಸರಕಾರವು ಕಚೇರಿಗಳಿಗೆಲ್ಲ ಉಚಿತವಾಗಿ ಹಂಚಿತು; ತಾಲ್ಲೂಕು ಕಚೇರಿಯ ಗುಮಾಸ್ತರಿಗೆ ಅದು ದೊಡ್ಡ ಉಪಕಾರ, ಮತ್ತು ಅದೇ ಕಾರಣದಿಂದ ಹಳೆಯ ಫಾಂಟಿನ ಕಡತಗಳು ಬೆಟ್ಟದಷ್ಟು ಬೆಳೆದವು. ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರು, ಕಾಡು, ಮೀನು, ಹಕ್ಕಿಗಳ ನಡುವೆಯೂ ಕಂಪ್ಯೂಟರಿನಲ್ಲಿ ಕನ್ನಡದ ಗತಿಯೇನೆಂದು ತಲೆಕೆಡಿಸಿಕೊಂಡ ನಮ್ಮ ಕೆಲವೇ ಸಾಹಿತಿಗಳಲ್ಲಿ ಒಬ್ಬರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಮುಂದೆ, ಕುವೆಂಪು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಕೆ. ಚಿದಾನಂದ ಗೌಡರ ಅಧ್ಯಕ್ಷತೆಯ ಸಮಿತಿಯು ಯೂನಿಕೋಡಿನ ಪಕ್ಷವನ್ನು ಹಿಡಿಯಿತು.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಬೋಧಪ್ರದವಾಗಿ ಕಾಣುವುದು ತಂತ್ರಾಂಶವಲ್ಲ, ಕೀಲಿಮಣೆ. ಕಿನ್ನಿಕಂಬಳದ ಕೆ. ಪಿ. ರಾಯರು ರೂಪಿಸಿದ ವಿನ್ಯಾಸದಲ್ಲಿ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಕೀಲಿಗಳೇ ಕನ್ನಡಕ್ಕೆಲ್ಲ ಸಾಕಾಗುತ್ತವೆ: ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ವ್ಯಂಜನದ ಬೆನ್ನಿಗೆ ಸ್ವರವನ್ನೊತ್ತಿದರೆ ಕಾಗುಣಿತ ತಾನಾಗಿ ಕೂಡಿಕೊಳ್ಳುತ್ತದೆ, ನಡುವೆ ‘ಎಫ್’ ಬಂದರೆ ಒತ್ತಕ್ಷರ. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿನ ತಂತ್ರಾಂಶದಲ್ಲಿ ಅವರು ಇದನ್ನು ಲೋಕಕ್ಕೆ ಕೊಟ್ಟರು. ಹಕ್ಕಿನ ಬೇಲಿಯನ್ನು ಹಾಕಲಿಲ್ಲ. ಆ ಸೇಡಿಯಾಪು ತಂತ್ರಾಂಶವನ್ನು ಇಂದು ಬಳಸುವವರಿಲ್ಲ. ಆದರೆ ವಿನ್ಯಾಸವನ್ನು ಗಣಕ ಪರಿಷತ್ತು ತೆಗೆದುಕೊಂಡಿತು, ಸರಕಾರ ಅಂಗೀಕರಿಸಿತು, ಲಿನಕ್ಸ್ ವ್ಯವಸ್ಥೆಯು ‘ಕಗಪ’ ಎಂಬ ಹೆಸರಿನಿಂದ ತನ್ನೊಳಗೆ ಸೇರಿಸಿಕೊಂಡಿತು, ಮೊಬೈಲುಗಳಿಗೂ ಅದು ಇಳಿಯಿತು. ಹೊಸನಗರದ ಕಚೇರಿಯಲ್ಲಿ ಅದನ್ನು ಕಲಿತ ಬೆರಳು ಬೆಂಗಳೂರಿನ ಯಾವ ಯಂತ್ರದ ಮುಂದೆ ಕುಳಿತರೂ ಹೊಸದಾಗಿ ಕಲಿಯಬೇಕಾಗಿಲ್ಲ. ಯಂತ್ರವೂ ತಂತ್ರಾಂಶವೂ ಸತ್ತ ಮೇಲೆ ಉಳಿದದ್ದು, ಯಾರು ಬೇಕಾದರೂ ಎತ್ತಿಕೊಳ್ಳಬಹುದಾಗಿದ್ದ ಭಾಗ ಮಾತ್ರ.

ಹೊರಗಿನ ಲೋಕದಲ್ಲಿ ಇದಕ್ಕೆ ಸಂವಾದಿಯಾದ ಪ್ರಸಂಗಗಳು ಹಲವು. ಓಪನ್ ಆಫೀಸ್ ಎಂಬ ಮುಕ್ತ ತಂತ್ರಾಂಶವು ಮಾರಾಟದ ಫಲವಾಗಿ ಹೊಸ ಒಡೆಯರ ಕೈಸೇರಿದಾಗ, ೨೦೧೦ರಲ್ಲಿ ಅದರ ಕೆಲಸಗಾರರು ಮೂಲಸಂಹಿತೆಯ ಪ್ರತಿಯನ್ನು ನ್ಯಾಯವಾಗಿಯೇ ಎತ್ತಿಕೊಂಡು ಹೊರನಡೆದು ಲಿಬ್ರೆ ಆಫೀಸ್ ಕಟ್ಟಿದರು. ಪರವಾನಗಿ ಮುಕ್ತವಾಗಿರದಿದ್ದರೆ ಅವರು ಬರಿಗೈಯಲ್ಲಿ ಹೊರಡಬೇಕಾಗಿತ್ತು. ಸಾಗರದ ಅಂಗಡಿಗೆ ಸಂಬಂಧಿಸಿದ ವಿಷಯ ಇನ್ನೊಂದಿದೆ. ಲಿಬ್ರೆ ಆಫೀಸಿನ ನೆರೆಯಲ್ಲೇ ೨೦೧೪ರಲ್ಲಿ ಹುಟ್ಟಿದ ದಸ್ತಾವೇಜು ವಿಮೋಚನೆಯ ಯೋಜನೆಯವರು, ಅನಾಥವಾದ ಕಡತಗಳ ಒಳರಚನೆಯನ್ನು ಹೊರಗಿನಿಂದಲೇ ಬಿಡಿಸಿ ನೋಡಿ, ಪೇಜ್‌ಮೇಕರಿನ ಕಡತಗಳನ್ನು ತೆರೆಯುವ ಉಪಕರಣವನ್ನು ಬರೆದರು. ತಯಾರಕನು ಕೈಬಿಟ್ಟ ಮಗುವನ್ನು ಬೀದಿಯವರು ಸಾಕಿದಂತಾಯಿತು. ಆ ಉಪಕರಣದಿಂದ ಪುಟ ತೆರೆದೀತು, ಅಕ್ಷರವು ಮಾತ್ರ ಹಳೆಯ ಫಾಂಟಿನದೇ. ಅದನ್ನು ಯೂನಿಕೋಡಿಗೆ ತರುವ ಕೆಲಸಕ್ಕೆ ಕನ್ನಡದ ಸ್ವಯಂಸೇವಕರು ಬರೆದ ಮುಕ್ತ ಪರಿವರ್ತಕಗಳಿವೆ. ವಚನ ಸಂಚಯವೆಂಬ ಜಾಲತಾಣವು ಇಪ್ಪತ್ತು ಸಾವಿರಕ್ಕೂ ಮಿಗಿಲಾದ ವಚನಗಳನ್ನು ಹುಡುಕಿ ಓದಲು ಬರುವಂತೆ ಮಾಡಿದ್ದು ಇಂಥ ಪರಿವರ್ತನೆಯ ಅಡಿಗಲ್ಲಿನ ಮೇಲೆಯೇ. ಕಡತವೂ ಉಳಿಯದೆ ಅಚ್ಚಾದ ಪ್ರತಿ ಮಾತ್ರ ಉಳಿದಿದ್ದರೆ ಟೆಸೆರಾಕ್ಟ್ ಇದೆ: ೧೯೮೦ರ ದಶಕದಲ್ಲಿ ಎಚ್‌ಪಿ ಸಂಸ್ಥೆಯೊಳಗೆ ಹುಟ್ಟಿ, ಹತ್ತು ವರ್ಷ ಕಪಾಟಿನಲ್ಲಿ ಬಿದ್ದಿದ್ದು, ೨೦೦೫ರಲ್ಲಿ ಮೂಲಸಂಹಿತೆ ಸಹಿತ ಬಿಡುಗಡೆಯಾಗಿ, ಈಗ ಕನ್ನಡದ ಮುದ್ರಿತ ಪುಟವನ್ನೂ ಓದುವಷ್ಟು ಕಲಿತಿರುವ ತಂತ್ರಾಂಶ. ತಪ್ಪುಗಳನ್ನು ಮಾಡುತ್ತದೆ, ಒತ್ತಕ್ಷರದ ಬಳಿ ಮುಗ್ಗರಿಸುತ್ತದೆ, ತಿದ್ದುವವರಿದ್ದರೆ ಸಾಕು.

ತಿದ್ದುವವರಿದ್ದರೆ ಎಂಬ ಮಾತಿನಲ್ಲೇ ಪ್ರಶ್ನೆಯ ಕಠಿನವಾದ ಅರ್ಧ ಅಡಗಿದೆ. ಮುಕ್ತವಾಗಿಟ್ಟರೆ ಸಮುದಾಯವು ತಾನಾಗಿ ಬಂದು ಸೇರುತ್ತದೆಂಬ ನಂಬಿಕೆ ಅನುಭವಕ್ಕೆ ವಿರುದ್ಧವಾದುದು. ಲೋಕದ ಅಸಂಖ್ಯ ಯಂತ್ರಗಳೊಳಗೆ ಸದ್ದಿಲ್ಲದೆ ದುಡಿಯುವ ಎಕ್ಸ್‌ಜೆಡ್ ಎಂಬ ಸಣ್ಣ ಸಾಧನವನ್ನು ದಣಿದ ಒಬ್ಬ ಮನುಷ್ಯನು ಬಹುಕಾಲ ನೋಡಿಕೊಳ್ಳುತ್ತಿದ್ದನು. ನೆರವಿನ ನೆಪದಲ್ಲಿ ಬಂದು ವರ್ಷಗಟ್ಟಲೆ ವಿಶ್ವಾಸ ಗಳಿಸಿದ ಅಜ್ಞಾತನೊಬ್ಬನು ಅದರೊಳಗೆ ಕಳ್ಳಗಿಂಡಿಯನ್ನು ಕೊರೆದನು. ೨೦೨೪ರ ಮಾರ್ಚಿನಲ್ಲಿ ಅದು ಸಿಕ್ಕಿಬಿದ್ದದ್ದು, ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರನು ತನ್ನ ಯಂತ್ರದ ಲಾಗಿನ್ನು ಅರ್ಧ ಸೆಕೆಂಡು ತಡವಾಗುತ್ತಿದೆಯೇಕೆಂದು ಹಟ ಹಿಡಿದು ಬೆದಕಿದ್ದರಿಂದ. ಮೂಲಸಂಹಿತೆ ಮುಕ್ತವಾಗಿದ್ದುದರಿಂದಲೇ ಬೆದಕಲಾಯಿತೆಂಬುದು ನಿಜ. ಆರೈಕೆಗೆ ಜನವಿಲ್ಲದ್ದರಿಂದಲೇ ಕಿಂಡಿ ಬಿದ್ದಿತೆಂಬುದೂ ಅಷ್ಟೇ ನಿಜ. ಹಳೆಯ ಯಂತ್ರಗಳ ಆಶ್ರಯದಾತನೆಂದು ಹೆಸರಾದ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಸಹ ೨೦೨೫ರ ಆಗಸ್ಟಿನ ತನ್ನ ೧೩ನೆಯ ಆವೃತ್ತಿಯಿಂದ ೩೨ ಬಿಟ್ಟಿನ ಹಳೆಯ ಯಂತ್ರಗಳಲ್ಲಿ ಅನುಸ್ಥಾಪಿಸುವುದನ್ನು ನಿಲ್ಲಿಸಿತು. ಅವನ್ನು ಪರೀಕ್ಷಿಸುವ ಕೈಗಳು ಕಡಮೆಯಾದದ್ದೇ ಇಂಥ ನಿರ್ಧಾರಗಳ ಬೆನ್ನಿಗಿರುವ ಸಾಮಾನ್ಯ ಕಾರಣ. ಕನ್ನಡದಲ್ಲಂತೂ ಒಂದೊಂದು ಮುಕ್ತ ಯೋಜನೆಯ ಹಿಂದೆ ಇರುವವರು ಬೆರಳೆಣಿಕೆಯವರು. ಅವರಿಗೆ ಉದ್ಯೋಗವುಂಟು, ಸಂಸಾರವುಂಟು.

ಯಂತ್ರದ ಶರೀರದ ಮಾತನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಆಗುಂಬೆಯ ಮಗ್ಗುಲಿನ ಊರುಗಳಲ್ಲಿ ಮಳೆಗಾಲವೆಂದರೆ ಸಿಡಿಗೂ ಮಸೂರಕ್ಕೂ ಬೂಸ್ಟು ಹಿಡಿಯುವ ಕಾಲ. ಕರೆಂಟಿನ ಏರಿಳಿತದ ವಿಷಯ ಹೇಳುವುದೇ ಬೇಡ. ಆದರೂ ರಿಪೇರಿಯ ಹುಡುಗರು ಹಳೆಯ ಡಬ್ಬಗಳನ್ನು ಬದುಕಿಸಿಕೊಡುತ್ತಾರೆ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ರ ಪೋಷಣೆ ನಿಂತು, ೨೦೧೭ಕ್ಕೆ ಹಿಂದಿನ ಬಹುಪಾಲು ಯಂತ್ರಗಳು ವಿಂಡೋಸ್ ೧೧ರ ಪಂಕ್ತಿಗೆ ಅನರ್ಹವೆನಿಸಿದಾಗ, ಕೆಟ್ಟಿರದ ಯಂತ್ರಗಳೇ ಶಾಲೆಗಳ ಮೂಲೆ ಸೇರುವ ಪರಿಸ್ಥಿತಿ ಬಂದಿತು. ಅಂಥವು ಲಿನಕ್ಸಿನಲ್ಲಿ ಇನ್ನೂ ಹತ್ತು ವರ್ಷ ಕನ್ನಡ ಬರೆದಾವು. ಘಟ್ಟದ ಕೆಳಗೆ ನೆರೆಯ ಕೇರಳವು ತನ್ನ ಪ್ರೌಢಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನು ಬಳಕೆಗೆ ತಂದು ಹದಿನೈದು ವರ್ಷಗಳ ಮೇಲಾಯಿತು. ಅಲ್ಲಿ ಗೆದ್ದದ್ದು ಮುಖ್ಯವಾಗಿ ಮೇಷ್ಟರುಗಳಿಗೆ ಕೊಟ್ಟ ಶಿಕ್ಷಣ.

ಸರಕಾರಿ ದಾಖಲೆಗಳ ವಿಷಯದಲ್ಲಿ ಈ ಪ್ರಶ್ನೆಯು ಹೊಟ್ಟೆಪಾಡಿನ ಪ್ರಶ್ನೆಯಾಗುತ್ತದೆ. ‘ಭೂಮಿ’ ಯೋಜನೆಯು ಈ ಶತಮಾನದ ಆರಂಭದಲ್ಲಿ ೬೭ ಲಕ್ಷ ರೈತರ ಸುಮಾರು ೨ ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆದುಹಾಕಿತು. ಅದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಾಗರ ಹೊಸನಗರಗಳಲ್ಲಿ ಶರಾವತಿಯ ಮುಳುಗಡೆಯಿಂದ ಎದ್ದುಬಂದ ಕುಟುಂಬಗಳು, ಅರುವತ್ತು ವರ್ಷಗಳಾದರೂ ತಮ್ಮ ನೆಲದ ಹಕ್ಕಿಗಾಗಿ ಅಲೆಯುತ್ತಿರುವಾಗ, ಅವರ ಕೈಯಲ್ಲಿರುವ ಆಧಾರವೆಂದರೆ ಟ್ರಂಕಿನ ತಳದಲ್ಲಿ ಮಡಿಸಿಟ್ಟ ಆ ಕಾಲದ ಕಾಗದವೇ. ಕಾಗದವನ್ನು ಓದಲು ಯಾರ ಪರವಾನಗಿಯೂ ಬೇಡ. ಇಂದು ಕೊಡುತ್ತಿರುವ ದಾಖಲೆಯನ್ನು ಅರುವತ್ತು ವರ್ಷಗಳ ತರುವಾಯ ಮೊಮ್ಮಗನು ತೆರೆದು ಓದಬೇಕಾದರೆ, ಅದರ ಸ್ವರೂಪವು ಪ್ರಕಟವಾಗಿರತಕ್ಕದ್ದೆಂದೂ, ಸಾರ್ವಜನಿಕ ಹಣದಿಂದ ಬರೆಸಿದ ತಂತ್ರಾಂಶದ ಮೂಲಸಂಹಿತೆಯು ಸಾರ್ವಜನಿಕರದೇ ಆಗತಕ್ಕದ್ದೆಂದೂ ಕೇಳುವುದು ಅತಿಯಾದ ಬೇಡಿಕೆಯಲ್ಲ.

ಇನ್ನುಳಿದದ್ದು ಕೆಳದಿ. ಗುಂಡಾ ಜೋಯಿಸರು ಮನೆಮನೆಯಿಂದ ಕೂಡಿಹಾಕಿ ಬೆಳೆಸಿದ ಅಲ್ಲಿನ ಸಂಗ್ರಹದಲ್ಲಿ ತಿಗಳಾರಿ ಲಿಪಿಯ ತಾಳೆಗರಿಗಳಿವೆ. ಈ ಮೂರು ತಾಲ್ಲೂಕುಗಳ ವೈದಿಕ ಮನೆತನಗಳ ಅಟ್ಟಗಳಲ್ಲಿ ಇನ್ನೂ ಕಣ್ಣಿಗೆ ಬೀಳದವು ಎಷ್ಟೋ. ಗರಿ ಹಾಳಾಗಿಲ್ಲ, ಮಸಿ ಅಳಿಸಿಲ್ಲ. ಓದಬಲ್ಲವರು ಮುಗಿಯುತ್ತ ಬಂದಿದ್ದಾರೆ. ೨೦೨೪ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡಿನ ೧೬ನೆಯ ಆವೃತ್ತಿಯು ತುಳು-ತಿಗಳಾರಿಯೆಂಬ ಹೆಸರಿನಿಂದ ಆ ಲಿಪಿಗೂ ಸ್ಥಾನವನ್ನು ಕೊಟ್ಟಿದೆ. ಕನ್ನಡವು ಫಾಂಟಿನ ಗೋಜಲಿನಲ್ಲಿ ಕಳೆದ ವರ್ಷಗಳನ್ನು ತಿಗಳಾರಿಯು ಕಳೆಯಬೇಕಾಗಿಲ್ಲ: ಅದಕ್ಕೆ ಮಾಡುವ ಫಾಂಟು, ಕೀಲಿಮಣೆ, ಪ್ರತಿಲೇಖಗಳನ್ನು ಮೊದಲ ದಿನದಿಂದಲೇ ಮುಕ್ತ ಪರವಾನಗಿಯಲ್ಲಿ ಹೊರತರಬಹುದು. ಗರಿಯ ಛಾಯಾಚಿತ್ರವನ್ನು ಮುಂದಿನ ವರ್ಷವೂ ತೆಗೆಯಬಹುದು, ಫಾಂಟನ್ನು ಅದರ ಮುಂದಿನ ವರ್ಷವೂ ಕೊರೆಯಬಹುದು. ಗರಿಯನ್ನು ಬೆಳಕಿಗೆ ಹಿಡಿದು ಸರಾಗವಾಗಿ ಓದಿ ಹೇಳಬಲ್ಲವರಲ್ಲಿ ಹೆಚ್ಚಿನವರು ವೃದ್ಧರಾದುದರಿಂದ, ಅವರ ಮುಂದೆ ಕುಳಿತು ಓದಿಸಿ ಬರೆದುಕೊಳ್ಳುವ ಕೆಲಸದಿಂದಲೇ ಆರಂಭಿಸುವುದು ಲೇಸು.